ಸೊಬಾ ಕಾಯುವುದಿಲ್ಲ

ಕೇಳುಗರಿಗೆ ನಮಸ್ಕಾರ. ಮಗನೋ ಮಗಳೋ ಟೋಕಿಯೊದಲ್ಲಿ ಕೆಲಸಕ್ಕೆ ಸೇರಿದ್ದಾರೆ, ಒಮ್ಮೆ ನೋಡಿಕೊಂಡು ಬರೋಣ ಎಂದು ಹೊರಡುವ ತಂದೆತಾಯಂದಿರು ಈಗ ನಮ್ಮಲ್ಲಿ ಅನೇಕರಿದ್ದಾರೆ. ನಾನು ಜಪಾನಿ ಭಾಷೆ ಕಲಿಸುವವಳು, ಆರು ವರ್ಷ ಅಲ್ಲಿಯೇ ಇದ್ದವಳು. ಇವತ್ತಿನ ಮಾತು ಆ ತಂದೆತಾಯಂದಿರಿಗಾಗಿ.

ಜಪಾನ್ ಎಂದೊಡನೆ ಎಲ್ಲರೂ ನನ್ನನ್ನು ಕೇಳುವುದು ಹಸಿ ಮೀನಿನ ಬಗ್ಗೆ. ದಯವಿಟ್ಟು ಇವತ್ತು ಅದನ್ನು ಬದಿಗಿಡೋಣ. ನಿಮ್ಮ ಮಕ್ಕಳು ರೈಲು ನಿಲ್ದಾಣದಿಂದ ಮನೆಗೆ ನಡೆದು ಬರುವ ದಾರಿಯಲ್ಲಿ ಹೆಚ್ಚಾಗಿ ಒಂದು ಸೊಬಾ ಅಂಗಡಿ ಇರುತ್ತದೆ. ಹದಿನೈದು ಜನ ಕುಳಿತರೆ ತುಂಬಿಹೋಗುವಷ್ಟು ಚಿಕ್ಕದು. ಗಂಡ ಒಳಗೆ ಬೇಯಿಸುತ್ತಾನೆ, ಹೆಂಡತಿ ಹೊರಗೆ ಬಡಿಸುತ್ತಾಳೆ. ಅಲ್ಲಿಗೆ ಹೋಗಿ. ಹೋದಾಗ ಒಂದೇ ಒಂದು ಮಾತು ನೆನಪಿಡಿ: ಮುಂದಿಟ್ಟ ಕೂಡಲೇ ತಿನ್ನಿ.

ಸೊಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಉತ್ತರ ಭಾರತದವರು ಉಪವಾಸದ ದಿನ ಬಳಸುವ ಕುಟ್ಟು ಹಿಟ್ಟು ಇದೇ. ಆ ಹಿಟ್ಟಿಗೆ ಜಿಗುಟು ಕಡಿಮೆ. ಅದಕ್ಕೇ ಎಂಟು ಪಾಲು ಬಕ್‌ವೀಟಿಗೆ ಎರಡು ಪಾಲು ಗೋಧಿ ಹಿಟ್ಟು ಸೇರಿಸಿ ನಾದಿ, ತೆಳ್ಳಗೆ ಲಟ್ಟಿಸಿ, ಮಡಿಚಿ, ಅಗಲವಾದ ಕತ್ತಿಯಿಂದ ಎಳೆಎಳೆಯಾಗಿ ಕತ್ತರಿಸುತ್ತಾರೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿನಲ್ಲಿ ತೊಳೆದು, ಬಿದಿರಿನ ಜರಡಿಯಂಥ ತಟ್ಟೆಯ ಮೇಲೆ ಹರಡಿ ತರುತ್ತಾರೆ. ಇದು ಜಾರು ಸೊಬಾ. ಪಕ್ಕದ ಪುಟ್ಟ ಬಟ್ಟಲಲ್ಲಿ ತ್ಸುಯು ಎಂಬ ಉಪ್ಪುಪ್ಪಾದ ಸಾರು ಇರುತ್ತದೆ. ಎಳೆಯ ತುದಿಯನ್ನು ಅದರಲ್ಲಿ ಅದ್ದಿ ಬಾಯಿಗೆಳೆದುಕೊಳ್ಳಬೇಕು. ಸದ್ದಾಗಲಿ, ಅಲ್ಲಿ ಅದು ತಪ್ಪಲ್ಲ.

ಕೂಡಲೇ ತಿನ್ನಬೇಕೆಂದು ನಾನು ಕಲಿತದ್ದು ಹೋದ ಮೊದಲ ವರ್ಷ, ನಾಕಾನೊ ಎಂಬ ಬಡಾವಣೆಯಲ್ಲಿ. ಶನಿವಾರದ ಮಧ್ಯಾಹ್ನ, ಹೊರಗೆ ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು. ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು ಬರೆದು ನಾವೂ ಕುಳಿತೆವು. ಜೊತೆಗಿದ್ದವರು ನನ್ನ ಶಾಲೆಯ ಹಿರಿಯ ಶಿಕ್ಷಕಿ. ಒಳಗೆ ಕರೆದಾಗ ನಮಗೆ ಸಿಕ್ಕಿದ್ದು ಬೇರೊಬ್ಬ ದಂಪತಿ ಕುಳಿತಿದ್ದ ಮೇಜಿನ ಇನ್ನೊಂದು ಬದಿ. ನಾನು ಜಾರು ಸೊಬಾ ಹೇಳಿದೆ, ಶಿಕ್ಷಕಿ ಬಿಸಿ ಸಾರಿನ ತೆಂಪುರಾ ಸೊಬಾ, ಅಂದರೆ ನಮ್ಮ ಬಜ್ಜಿಯಂತೆ ಕರಿದದ್ದನ್ನು ಮೇಲಿಟ್ಟ ಸೊಬಾ ಹೇಳಿದರು.

ನನ್ನದು ಮೊದಲು ಬಂತು. ನಾನು ಬೆಳೆದದ್ದು ಪಂಕ್ತಿಯ ಊಟದಲ್ಲಿ. ಎಲ್ಲರ ಎಲೆಗೂ ಬಡಿಸಿ, ತುಪ್ಪ ಬಿದ್ದು, ಹಿರಿಯರು ಕೈಯಿಡುವವರೆಗೆ ತುತ್ತು ಎತ್ತುವಂತಿಲ್ಲ. ಹಾಗಾಗಿ ಕೈಕಟ್ಟಿ ಕುಳಿತೆ. ಶಿಕ್ಷಕಿ "ದೋಜೊ, ದೋಜೊ" ಎಂದರು, ದಯವಿಟ್ಟು ಶುರು ಮಾಡಿ ಎಂದು. ಉಪಚಾರಕ್ಕೆ ಹೇಳುತ್ತಾರೆ ಎಂದುಕೊಂಡು ನಕ್ಕು ಸುಮ್ಮನಾದೆ. ಐದು ನಿಮಿಷ ಕಳೆಯಿತು. ಚಹಾ ತುಂಬಲು ಬಂದ ಅಂಗಡಿಯ ಹಿರಿಯಾಕೆ ನನ್ನ ತಟ್ಟೆಯನ್ನು ನೋಡಿ, ಬಾಗಿ, ಬಹಳ ಮೃದುವಾಗಿ "ನೊಬಿಮಾಸು ಯೊ" ಎಂದರು. ಹಿಗ್ಗಿಹೋಗುತ್ತದೆ ಎಂದು ಅರ್ಥ. ತಿನ್ನುವ ಕಡ್ಡಿಯಲ್ಲಿ ಎತ್ತಿದೆ. ಎಳೆ ಬರಲಿಲ್ಲ, ಉಂಡೆಯೇ ಎದ್ದು ಬಂತು. ಬಂದಾಗ ಒದ್ದೆ ರೇಷ್ಮೆಯಂತೆ ಹೊಳೆಯುತ್ತಿದ್ದದ್ದು ಮಂಕಾಗಿ ಒಂದಕ್ಕೊಂದು ಅಂಟಿತ್ತು. ಅಡುಗೆಮನೆಯ ಕಿಂಡಿಯಿಂದ ಯಜಮಾನರು ನೋಡುತ್ತಿದ್ದರು. ಕೋಪವೇನಿರಲಿಲ್ಲ. ಬೆಳಗಿನಿಂದ ಹಿಟ್ಟು ನಾದಿದ ಮನುಷ್ಯನ ಮುಖ ಅದು. ನನಗೆ ಥಟ್ಟನೆ ನೆನಪಾದವಳು ನನ್ನ ಅಮ್ಮ. ಹೆಂಚಿನಿಂದ ಎದ್ದ ದೋಸೆಯನ್ನು ಮುಂದಿಟ್ಟುಕೊಂಡು ನಾವು ಹರಟಿದರೆ ಅವಳು ಒಲೆಯ ಬಳಿಯಿಂದ ಹೀಗೆಯೇ ನೋಡುತ್ತಿದ್ದಳು. ದೋಸೆಗೆ ನಮ್ಮಲ್ಲಿ ಯಾರೂ ಪಂಕ್ತಿಯ ನಿಯಮ ಹಚ್ಚುವುದಿಲ್ಲವಲ್ಲ? ಹುಯ್ದಂತೆ ಹುಯ್ದಂತೆ ತಿನ್ನುತ್ತೇವೆ. ಸೊಬಾ ಕೂಡ ಹಾಗೆಯೇ. ಮುಂದಿಟ್ಟ ಕೂಡಲೇ ತಿನ್ನಿ. ಜೊತೆಯವರದು ಬಂದಿಲ್ಲವೆಂದು ಕಾಯಬೇಡಿ. ಫೋಟೊ ತೆಗೆಯಲೇಬೇಕೆಂದರೆ ಒಂದು ತೆಗೆದು ಮೊಬೈಲನ್ನು ಚೀಲಕ್ಕೆ ಹಾಕಿ. ತಟ್ಟೆಯನ್ನು ತಿರುಗಿಸಿ ತಿರುಗಿಸಿ ಹತ್ತು ಚಿತ್ರ ತೆಗೆಯುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ, ಕ್ಷಮಿಸಿ.

ಅವತ್ತು ಆ ಉಂಡೆಯನ್ನೇ ಬಿಡಿಸಿ ಪೂರ್ತಿ ತಿಂದೆ. ಆಗ ಆಕೆ ಅರಗಿನ ಬಣ್ಣ ಬಳಿದ ಚೌಕದ ಹೂಜಿಯೊಂದನ್ನು ತಂದಿಟ್ಟರು. ಒಳಗಿದ್ದದ್ದು ಬಿಸಿಬಿಸಿಯಾದ, ತಿಳಿ ಗಂಜಿಯಂಥ ನೀರು, ಸೊಬಾ ಬೆಂದ ನೀರು. ಅದಕ್ಕೆ ಸೊಬಾಯು ಎನ್ನುತ್ತಾರೆ. ಬಟ್ಟಲಲ್ಲಿ ಉಳಿದ ತ್ಸುಯುವಿಗೆ ಅದನ್ನು ಬೆರೆಸಿ ಕುಡಿಯಬೇಕು. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಒಂದು ಗುಟುಕಿಗೆ ನಾನು ಆ ಅಂಗಡಿಯ ಖಾಯಂ ಗಿರಾಕಿಯಾದೆ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಸ್ಯಾಹಾರಿಗಳೇ, ತ್ಸುಯುವಿನಲ್ಲಿ ಒಣಮೀನಿನ ರಸವಿದೆ, ತರಕಾರಿ ಸೊಬಾ ಎಂದು ಬರೆದಿದ್ದರೂ ಇದೆ. ಬರಿಯ ಉಪ್ಪಿನೊಂದಿಗೆ ಸೊಬಾ ಕೊಡುವ ಅಂಗಡಿಗಳೂ ಉಂಟು, ಮಕ್ಕಳಿಂದ ಮೊದಲೇ ಕೇಳಿಸಿ. ತಿನ್ನುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ, ಅದು ಸತ್ತವರಿಗೆ ಎಡೆ ಇಡುವ ಕ್ರಮ. ಹಣವನ್ನು ಬಾಗಿಲ ಬಳಿಯ ಗಲ್ಲಾದಲ್ಲಿ ಕೊಡಿ. ಟಿಪ್ಸ್ ಇಡಬೇಡಿ, ಚಿಲ್ಲರೆ ಮರೆತಿರಿ ಎಂದು ಹಿಂದೆಯೇ ಓಡಿ ಬರುತ್ತಾರೆ. ತಿಂದಾದ ಮೇಲೆ ಕುಳಿತು ಮಾತಾಡಬೇಡಿ, ಹೊರಗಿನ ಬೆಂಚಿನಲ್ಲಿ ಹಸಿದವರಿದ್ದಾರೆ. ಏಳುವಾಗ ಅಡುಗೆಮನೆಯ ಕಡೆ ತಿರುಗಿ "ಗೊಚಿಸೋಸಮಾ" ಎನ್ನಿ. ಊಟ ಚೆನ್ನಾಗಿತ್ತು, ಉಪಕಾರವಾಯಿತು ಎಂದಷ್ಟೇ ಅರ್ಥ. ಒಳಗಿನಿಂದ ಯಜಮಾನರು ಕೂಗಿ ಉತ್ತರಿಸುತ್ತಾರೆ.

ಇನ್ನೊಂದು ವಿಷಯ. ಬಾಗಿಲ ಮುಂದೆ ನೋರೆನ್ ಎಂಬ ಗಿಡ್ಡ ಪರದೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ. ಅಂದಿನ ಹಿಟ್ಟು ಮುಗಿದರೆ ಅದನ್ನು ಒಳಗೆ ತೆಗೆದುಬಿಡುತ್ತಾರೆ. ಹನ್ನೊಂದೂವರೆಗೇ ಹೋಗಿ ನಿಲ್ಲಿ. ನಮಸ್ಕಾರ.