ಚಾವಡಿಯಲ್ಲಿ ಸತ್ತ ಪರದೇಶಿ

ಕೇಳುಗರಿಗೆ ನಮಸ್ಕಾರ.

ಊರ ಕಟ್ಟೆ ಮೇಲೆ ಕೂತು ಕೇಳುತ್ತಿರುವವರೇ, ಇವತ್ತಿನ ಮಾತು ನಿಮಗೇ. ಗುರುತಿಲ್ಲದ ಹೆಣ ಸಿಕ್ಕಾಗ ಪೊಲೀಸರು ನಿಮ್ಮನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಯುತ್ತಾರೆ. ಕರೆದರೆ ಹೋಗಿ. ಹತ್ತಿರ ನಿಂತು ನೋಡಿ. ನೋಡಿದ್ದನ್ನೆಲ್ಲ ಬರೆಸಿ, ಆಮೇಲೆ ಸಹಿ ಮಾಡಿ. ಮೂವತ್ತು ವರ್ಷ ಶವಪರೀಕ್ಷೆ ಮಾಡಿದವನು ನಾನು. ನಾನು ಹೇಳಬೇಕಾದ್ದು ಇದೊಂದೇ.

ನಮ್ಮಜ್ಜನ ಊರು ಗದಗ ಮತ್ತು ರೋಣದ ನಡುವೆ, ಎರೆ ಹೊಲದ ಸೀಮೆ. ಇದು 1956ರ ಏಕೀಕರಣಕ್ಕೂ ಹಿಂದಿನ ಮಾತು. ಆಗ ನಾವು ಮುಂಬೈಗೆ ಸೇರಿದ್ದೆವು. ಊರಿನ ಮಟ್ಟಿಗೆ ಗೌಡ, ಕುಲಕರ್ಣಿ, ವಾಲೀಕಾರ, ಇವರೇ ಸರ್ಕಾರ. ಒಂದು ಶ್ರಾವಣದಲ್ಲಿ ಪರದೇಶಿಯೊಬ್ಬ ಬಂದ. ಕೈಯಲ್ಲಿ ತಂಬಿಗೆ, ಹೆಗಲ ಮೇಲೆ ಹರಕು ಕಂಬಳಿ. ಹೆಸರು ಕೇಳಿದರೆ ಸುಮ್ನೆ ನಗುತ್ತಿದ್ದ. ಹಗಲು ರೊಟ್ಟಿ ಬೇಡುತ್ತಿದ್ದ, ರಾತ್ರಿ ಚಾವಡಿಯ ನೆಲದ ಮೇಲೆ ಮಲಗುತ್ತಿದ್ದ. ಐದನೇ ದಿನ ಬೆಳಗಾಗುವಷ್ಟರಲ್ಲಿ ಸತ್ತಿದ್ದ.

ಗಾಳಿ ಹೊಡೆಯಿತು ಅಂದರು ಕೆಲವರು. ಯಾರೋ ವಿಷ ಹಾಕಿದರು ಅಂತ ಗುಸುಗುಸು. ಅಜ್ಜ ಪಂಚರಲ್ಲಿ ಒಬ್ಬ. ಪಂಚನಾಮೆ ನಾಲ್ಕೇ ಸಾಲಂತೆ. ಗಂಡಸು, ವಯಸ್ಸು ಸುಮಾರು ಐವತ್ತು, ಮೈಮೇಲೆ ಗಾಯವಿಲ್ಲ, ಕಾರಣ ತಿಳಿಯದು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು.

ಮುಂದೆ ನಾನು ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುವಾಗ ಕಟ್ಟು ಹಾವಿನ ಪಾಠ ಬಂತು. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಬಹಳ ಸಲ ಉರಿ ಇಲ್ಲ, ಬಾವು ಇಲ್ಲ, ಹಲ್ಲಿನ ಗುರುತೂ ಕಣ್ಣಿಗೆ ಬೀಳುವುದಿಲ್ಲ. ಹೊಟ್ಟೆನೋವು ಬರುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಗುಟುಕು ಇಳಿಯುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ರಜೆಗೆ ಊರಿಗೆ ಹೋದವನೇ ಅಜ್ಜಿಯನ್ನು ಕೇಳಿದೆ. ಅವಳ ಮನೆ ಚಾವಡಿಗೆ ಎದುರೇ ಅಲ್ವಾ?

“ನಸುಕಿನ್ಯಾಗ ಹೊಟ್ಟಿ ಹಿಡ್ಕೊಂಡು ನರಳಾಕತ್ತಿದ್ದ. ನೀರು ಕುಡಿಸಾಕ ಹೋದ್ರ ಗಂಟಲದಾಗ ಇಳೀಲಿಲ್ಲ. ಕಣ್ಣು ತೆಗೀ ಅಂದ್ರ ರೆಪ್ಪಿ ಏಳಲಿಲ್ಲ.”

ನೋಡಿ! ಮೂರೇ ಮಾತು. ವಿಷವೂ ಅಲ್ಲ, ಗಾಳಿಯೂ ಅಲ್ಲ, ಹಾವು. ಆದರೆ ಅವತ್ತು ಅಜ್ಜಿಯನ್ನು ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ. ಅದಕ್ಕೇ ಹೇಳುವುದು, ಬರೆಸಿ ಅಂತ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಹೆಣ ಕಂಡರೆ ಠಾಣೆಗೆ ತಿಳಿಸಿ, ನೀವೇ ಮಣ್ಣು ಮಾಡಬೇಡಿ. ಇಂಥ ಸಾವಿನ ತನಿಖೆಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 174 ಅನ್ನುತ್ತಿದ್ದರು, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194. ಕನಿಷ್ಠ ಇಬ್ಬರು ಊರವರ ಎದುರಿಗೇ ತನಿಖೆ ಆಗಬೇಕು. ಆ ಇಬ್ಬರು ನೀವೇ. ದೂರದಿಂದ ಮೂಗು ಮುಚ್ಚಿಕೊಂಡು ಸಹಿ ಹಾಕಿ ಹೋಗುವವರನ್ನು ಜಾಸ್ತಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನು ಮಳೆಗಾಲದಲ್ಲಿ ನೆಲದ ಮೇಲೆ ಮಲಗಬೇಡಿ. ಮಂಚ ಬೇಕು, ಸೊಳ್ಳೆ ಪರದೆ ಬೇಕು.

ಅಜ್ಜಿ ಇನ್ನೊಂದು ಮಾತು ಹೇಳಿದಳು. ನೀರು ಕುಡಿಸುವಾಗ ಅವನ ತೋಳಿನ ಮೇಲೆ ಹಚ್ಚೆ ಕಂಡಿತಂತೆ, ಎರಡೋ ಮೂರೋ ಅಕ್ಷರ. ಅಜ್ಜಿಗೆ ಓದು ಬಾರದು. ಅಜ್ಜನಿಗೆ ಬರುತ್ತಿತ್ತು. ಅವನು ಕಂಬಳಿ ಎತ್ತಿ ನೋಡಲಿಲ್ಲ.

ನಮಸ್ಕಾರ.