ಸೊವೆಟೊದ ಮಾ ಸಿಸುಲು

ಕೇಳುಗರಿಗೆಲ್ಲ ನಮಸ್ಕಾರ. ದಕ್ಷಿಣ ಆಫ್ರಿಕಾದ ವರ್ಣಭೇದದ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ವರ್ಷಗಟ್ಟಲೆ ಜೈಲಿನಲ್ಲಿದ್ದ ಗಂಡಸರು. ಅಷ್ಟೂ ವರ್ಷ ಹೊರಗೆ ಮನೆ, ಕೇರಿ, ಸಂಘಟನೆ ಎಲ್ಲವನ್ನೂ ಯಾರು ನೋಡಿಕೊಂಡರು? ಅಂಥ ಒಬ್ಬರ ಬಗ್ಗೆ ಇವತ್ತು ಹೇಳಬೇಕು. ಹೆಸರು ಅಲ್ಬರ್ಟೀನಾ ಸಿಸುಲು. ಜೋಹಾನ್ಸ್‌ಬರ್ಗ್ ಪಕ್ಕದ ಕರಿಯರ ಬಡಾವಣೆ ಸೊವೆಟೊದ ಜನಕ್ಕೆ ಅವರು ಮಾ ಸಿಸುಲು.

1918ರಲ್ಲಿ ಟ್ರಾನ್ಸ್‌ಕೈ ಸೀಮೆಯ ಹಳ್ಳಿಯಲ್ಲಿ ಹುಟ್ಟಿದವರು. ತಂದೆ ಬೇಗ ತೀರಿಕೊಂಡರು, ಮನೆಯ ಚಿಕ್ಕವರನ್ನು ಸಾಕುವ ಹೊಣೆ ಇವರ ಮೇಲೆ ಬಿತ್ತು. ಕ್ರೈಸ್ತ ಸನ್ಯಾಸಿನಿ ಆಗಬೇಕೆಂಬ ಆಸೆಯಿತ್ತು, ಆದರೆ ಸನ್ಯಾಸಿನಿಗೆ ಸಂಬಳ ಇರುವುದಿಲ್ಲ ಅಲ್ವಾ? ನರ್ಸ್ ತರಬೇತಿಯಲ್ಲಿ ಕಲಿಯುವಾಗಲೇ ಒಂದಿಷ್ಟು ಕಾಸು ಸಿಗುತ್ತಿತ್ತು. ಹಾಗಾಗಿ 1940ರಲ್ಲಿ ಜೋಹಾನ್ಸ್‌ಬರ್ಗ್ ಸೇರಿದರು. 1944ರಲ್ಲಿ, ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ವಾಲ್ಟರ್ ಸಿಸುಲು ಜೊತೆ ಮದುವೆ. ಆ ಮದುವೆಯಲ್ಲಿ ಮದುಮಗನ ಪಕ್ಕ ನಿಂತಿದ್ದ ಗೆಳೆಯ ನೆಲ್ಸನ್ ಮಂಡೇಲಾ.

ಮುಂದೆ ಸೂಲಗಿತ್ತಿ ಕೆಲಸವನ್ನೂ ಕಲಿತು, ಸೊವೆಟೊದ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಬಾಟಲಿ, ಔಷಧ, ಬೋಗುಣಿ, ಮಾಸು ಹಿಡಿಯುವ ಪಾತ್ರೆ, ಇಷ್ಟನ್ನೂ ಸೂಟ್‌ಕೇಸಿಗೆ ತುಂಬಿ, ತಲೆಯ ಮೇಲೆ ಹೊತ್ತು ನಡೆದೇ ಹೋಗಬೇಕು. ಸುಮ್ನೆ ಯೋಚಿಸಿ, ಆ ಕೇರಿಯಲ್ಲಿ ಯಾವ ಮನೆಯ ಬಾಗಿಲು ಇವರಿಗೆ ಮುಚ್ಚಿರುತ್ತಿತ್ತು? ರಾಜಕೀಯಕ್ಕೆ ಬೇಕಾದ ನಂಬಿಕೆಯನ್ನು ಅವರು ಗಳಿಸಿದ್ದು ಬಾಣಂತಿಯರ ಕೋಣೆಗಳಲ್ಲಿ ಎಂದೇ ನನಗನ್ನಿಸುತ್ತದೆ. 1956ರ ಆಗಸ್ಟ್ 9ರಂದು, ಕರಿಯರು ಸದಾ ಗುರುತಿನ ಪತ್ರ ಹೊತ್ತೇ ತಿರುಗಬೇಕೆನ್ನುವ ಪಾಸ್ ಕಾನೂನು ಬೇಡವೆಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಸರ್ಕಾರಿ ಸೌಧಕ್ಕೆ ಹೋದಾಗ ಅವರ ನಡುವೆ ಇವರೂ ಇದ್ದರು.

1963ರಲ್ಲಿ ವಾಲ್ಟರ್ ಪೊಲೀಸರ ಕಣ್ಣು ತಪ್ಪಿಸಿ ಭೂಗತರಾದರು. ವಿಚಾರಣೆಯೇ ಇಲ್ಲದೆ 90 ದಿನ ಕೂಡಿಹಾಕಬಹುದಾದ ಹೊಸ ಕಾನೂನಿನಲ್ಲಿ ಬಂಧನಕ್ಕೊಳಗಾದ ಮೊದಲ ಮಹಿಳೆ ಅಲ್ಬರ್ಟೀನಾ. ಒಂಟಿ ಸೆಲ್ಲಿನಲ್ಲಿ ಕೂತಿದ್ದವರಿಗೆ ಪೊಲೀಸರು ಬಂದು, ನಿನ್ನ ಮಕ್ಕಳು ಆಸ್ಪತ್ರೆಯಲ್ಲಿ ಸಾಯೋ ಸ್ಥಿತಿಯಲ್ಲಿದ್ದಾರೆ ಅಂತ ಹೇಳುತ್ತಿದ್ದರಂತೆ. ಹೆತ್ತ ತಾಯಿಗೆ ಹೀಗೆ ಹೇಳುವುದಕ್ಕಿಂತ ದೊಡ್ಡ ಕ್ರೌರ್ಯ ಯಾವುದಿದೆ? ಮರುವರ್ಷ ಗಂಡನಿಗೆ ಜೀವಾವಧಿ ಶಿಕ್ಷೆ. ಇವರ ಮೇಲೆ ಸರ್ಕಾರದ ನಿರ್ಬಂಧ ಬಿತ್ತು. ಸಭೆಗೆ ಹೋಗುವ ಹಾಗಿಲ್ಲ, ಇವರ ಮಾತನ್ನು ಪತ್ರಿಕೆಯವರು ಅಚ್ಚು ಹಾಕುವ ಹಾಗಿಲ್ಲ, ಮುಂದೆ ರಾತ್ರಿ ಮನೆ ಬಿಟ್ಟು ಹೊರಡುವ ಹಾಗೂ ಇಲ್ಲ. ಇದು ಹೆಚ್ಚುಕಡಿಮೆ 17 ವರ್ಷ ನಡೆಯಿತು. ಅದರ ನಡುವೆಯೇ ತಮ್ಮ ಐದು ಮಕ್ಕಳ ಜೊತೆ ನೆಂಟರ ಮಕ್ಕಳನ್ನೂ ಸಾಕಿದರು. ನರ್ಸ್ ಕೆಲಸ ಬಿಡಲಿಲ್ಲ, ಸಂಬಳ ಸಾಲದೆ ಬಟ್ಟೆ ಹೊಲಿದರು.

1983ರಲ್ಲಿ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಎಂಬ, ವರ್ಣಭೇದ ವಿರೋಧಿ ಸಂಘಟನೆಗಳ ದೊಡ್ಡ ಒಕ್ಕೂಟ ಹುಟ್ಟಿದಾಗ ಇವರನ್ನೂ ಅದರ ಅಧ್ಯಕ್ಷರಲ್ಲಿ ಒಬ್ಬರನ್ನಾಗಿ ಆರಿಸಿದರು. ಆಗ ಇವರು ಜೈಲಿನಲ್ಲಿದ್ದರು! ಹೊರಬಂದ ಮೇಲೆ ಡಾಕ್ಟರ್ ಅಬೂಬಕರ್ ಅಸ್ವತ್ ಅವರ ಕ್ಲಿನಿಕ್ಕಿನಲ್ಲಿ ನರ್ಸ್ ಆದರು. ಅಸ್ವತ್ ಭಾರತ ಮೂಲದವರು, ಸೊವೆಟೊದ ಬಡವರ ಡಾಕ್ಟರು, ಆದರೆ ಅವರ ಸಂಘಟನೆ ಬೇರೆ, ಅಜಾಪೊ, ಅದೂ ವರ್ಣಭೇದದ ವಿರುದ್ಧವೇ ಇದ್ದದ್ದು. ಆ ದಿನಗಳಲ್ಲಿ ಈ ಎರಡೂ ಬಣಗಳ ಹುಡುಗರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಇವರಿಬ್ಬರು ಮಾತ್ರ ಒಂದೇ ಸೂರಿನಡಿ ರೋಗಿಗಳನ್ನು ನೋಡುತ್ತಿದ್ದರು, ಮಾ ಸಿಸುಲು ಅವರ ಸಂಘಟನೆ ಕೆಲಸಕ್ಕೆ ಡಾಕ್ಟರೇ ಬಿಡುವು ಕೊಡುತ್ತಿದ್ದರು. 1989ರ ಜನವರಿ 27ರಂದು ರೋಗಿಗಳ ವೇಷದಲ್ಲಿ ಬಂದವರು ಡಾಕ್ಟರನ್ನು ಕ್ಲಿನಿಕ್ಕಿನೊಳಗೇ ಗುಂಡಿಕ್ಕಿ ಕೊಂದರು. ಮಾ ಸಿಸುಲು ಆಗ ಅದೇ ಕ್ಲಿನಿಕ್ಕಿನಲ್ಲಿದ್ದರು. ಎಷ್ಟೋ ಮಕ್ಕಳನ್ನು ಭೂಮಿಗೆ ತಂದ ಕೈಗೆ ಇಂಥ ದಿನವೂ ಬಂತು.

ಅದೇ ವರ್ಷ ಅಕ್ಟೋಬರಿನಲ್ಲಿ ವಾಲ್ಟರ್ ಬಿಡುಗಡೆಯಾಗಿ ಸೊವೆಟೊದ ಒರ್ಲಾಂಡೊ ವೆಸ್ಟಿನ ಮನೆಗೆ ಬಂದರು, 26 ವರ್ಷದ ಮೇಲೆ. 1994ರಲ್ಲಿ ಮಾ ಸಿಸುಲು ಸಂಸತ್ತಿಗೆ ಆರಿಸಿ ಬಂದರು. ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಮಂಡೇಲಾ ಹೆಸರನ್ನು ಸದನದಲ್ಲಿ ಸೂಚಿಸಿದವರು ಅವರೇ.