ಯಾವ ದರ್ಜಿಯೂ ಹೊಲಿಯದ ಬಟ್ಟೆ

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ 'ರಾಜಕಾರಣ ಮತ್ತು ಮಹಿಳೆ' ಅಂತ ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯಕ್ಕೆ ನನಗೆ ಕೊಟ್ಟಿರುವ ಸಮಯ ಎಲ್ಲಿ ಸಾಕಾಗುತ್ತದೆ? ಹಾಗಾಗಿ ಒಂದೇ ಒಂದು ಎಳೆ ಹಿಡಿದುಕೊಳ್ಳುತ್ತೇನೆ. ರಾಜಕಾರಣಕ್ಕೆ ಬಂದ ಹೆಣ್ಣು ಹೇಗೆ ಕಾಣುತ್ತಾಳೆ ಅಂತ ನಾವು ಅಷ್ಟೊಂದು ನೋಡುತ್ತೇವಲ್ಲ, ಗಂಡಸಿನ ವಿಷಯದಲ್ಲಿ ಯಾಕೆ ಹಾಗೆ ನೋಡುವುದಿಲ್ಲ? ಟಿಕೆಟ್ ಸಿಗುವುದೇ ಕಷ್ಟ, ಹಣಬಲದ ಎದುರು ನಿಲ್ಲುವುದು ಇನ್ನೂ ಕಷ್ಟ, ಅದರ ಮಧ್ಯೆ ಬಟ್ಟೆ, ಕೂದಲಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಒಬ್ಬ ಮಂತ್ರಿ ಎದ್ದು ನಿಂತು ಉತ್ತರ ಕೊಡುವಾಗ ಸದನ ಆಕೆಯ ಬಟ್ಟೆ ನೋಡುತ್ತಾ ಕೂತರೆ ಆ ಉತ್ತರವನ್ನು ಕೇಳಿಸಿಕೊಂಡವರು ಯಾರು?

ಮೊದಲು ಒಂದು ಸೂಟಿನ ಕತೆ. ನನಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ಉದ್ದವಾದರೂ ಪೂರ್ತಿ ಹೇಳುತ್ತೇನೆ. ನಡೆದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಚಾನೆಲ್ ನೈನ್‌ನಲ್ಲಿ 'ಟುಡೇ' ಅಂತ ಬೆಳಗಿನ ಕಾರ್ಯಕ್ರಮ. ಇಬ್ಬರು ನಿರೂಪಕರು, ಕಾರ್ಲ್ ಸ್ಟೆಫಾನೊವಿಕ್ ಮತ್ತು ಲೀಸಾ ವಿಲ್ಕಿನ್ಸನ್. ಕಾರ್ಯಕ್ರಮ ಒಂದೇ, ಕ್ಯಾಮೆರಾ ಒಂದೇ, ಓದುವ ಸುದ್ದಿಯೂ ಒಂದೇ. ಆದರೆ ಬಟ್ಟೆ ಚೆನ್ನಾಗಿಲ್ಲ ಅನ್ನುವ ಪತ್ರಗಳು ಬರುತ್ತಿದ್ದದ್ದು ಲೀಸಾ ಅವರಿಗೆ. 2013ರಲ್ಲಿ ಒಂದು ಸಾರ್ವಜನಿಕ ಉಪನ್ಯಾಸದಲ್ಲಿ ಅವರು ಅಂಥ ಒಂದು ಪತ್ರವನ್ನು ಓದಿಯೇ ತೋರಿಸಿದರು. ಪಕ್ಕದಲ್ಲಿ ಕೂರುವ ಕಾರ್ಲ್‌ಗೆ ಅದು ತಲೆ ಕೊರೆಯತೊಡಗಿತು. ಒಂದು ನೀಲಿ ಸೂಟ್ ಹಾಕಿಕೊಂಡು ಬಂದರು. ಮರುದಿನವೂ ಅದೇ ಸೂಟ್. ಅದರ ಮರುದಿನವೂ ಅದೇ. ವಾರ ಕಳೆಯಿತು, ತಿಂಗಳು ಕಳೆಯಿತು, ಯಾರೂ ಏನೂ ಅನ್ನಲಿಲ್ಲ. ಅದು ಭಾರೀ ಬೆಲೆಯ ಸೂಟೂ ಅಲ್ಲ, ದೊಡ್ಡ ಬ್ರ್ಯಾಂಡಿನ ಅಗ್ಗದ ನಕಲು. ಒಂದೆರಡು ಸಲ ಬಿಟ್ಟರೆ ವರ್ಷ ಪೂರ್ತಿ ಅದರಲ್ಲೇ ಕಳೆದರು. ಅವರೇನು ತೆರೆಯ ಹಿಂದೆ ಅಡಗಿ ಕೂತವರಲ್ಲ. ದಿನ ಬೆಳಗಾದರೆ ದೇಶವೇ ಮುಖ ನೋಡುವ ಕೆಲಸ ಅವರದು. ಕೊನೆಗೆ 2014ರ ನವೆಂಬರ್‌ನಲ್ಲಿ ತಾವಾಗಿಯೇ ಹೇಳಿಕೊಂಡ ಮೇಲೆ ಜನಕ್ಕೆ ಗೊತ್ತಾಯಿತು. ಅವರು ಹೇಳಿದ್ದರ ಸಾರ ಇಷ್ಟು: ನನ್ನನ್ನು ಜನ ಅಳೆಯುವುದು ನಾನು ಮಾಡುವ ಸಂದರ್ಶನದಿಂದ, ನನ್ನ ಕೆಟ್ಟ ಜೋಕುಗಳಿಂದ, ಅಂದರೆ ಕೆಲಸದಿಂದ. ಹೆಣ್ಣುಮಕ್ಕಳನ್ನು ಅಳೆಯುವುದು ಎಷ್ಟೋ ಸಲ ಬಟ್ಟೆಯಿಂದ, ಕೂದಲಿನಿಂದ.

ಇವರು ರಾಜಕಾರಣಿಯಲ್ಲ, ಟೀವಿಯವರು. ಆದರೂ ಈ ಕತೆಯನ್ನು ಯಾಕೆ ಮೊದಲು ಹೇಳಿದೆ ಅಂದರೆ, ನನ್ನ ಇಡೀ ಮಾತು ಆ ಸೂಟಿನಲ್ಲಿದೆ. ಗಂಡಸಿಗೆ ಒಂದು ಬಟ್ಟೆ ಸಿಕ್ಕಿದೆ. ಅದನ್ನು ತೊಟ್ಟರೆ ಮೈ ಮರೆಯಾಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ಹೆಣ್ಣಿಗೆ ಅಂಥ ಬಟ್ಟೆಯನ್ನು ಯಾವ ದರ್ಜಿಯೂ ಇನ್ನೂ ಹೊಲಿದಿಲ್ಲ.

2012ರಲ್ಲಿ ಒಬಾಮಾ ಒಬ್ಬ ಪತ್ರಕರ್ತರ ಹತ್ತಿರ ಹೇಳಿದ್ದರು, ನಾನು ಬೂದು ಇಲ್ಲವೇ ನೀಲಿ ಸೂಟ್ ಮಾತ್ರ ಹಾಕುತ್ತೇನೆ ಅಂತ. ತೀರ್ಮಾನ ಮಾಡಬೇಕಾದ ವಿಷಯಗಳು ಬೇರೆ ಎಷ್ಟೋ ಇವೆ, ಏನು ತೊಡಬೇಕು ಅನ್ನುವುದಕ್ಕೆ ತಲೆ ಖರ್ಚು ಮಾಡುವುದಿಲ್ಲ ಅಂತ. ಒಳ್ಳೆಯ ಉಪಾಯ. ಹಿಲರಿ ಕ್ಲಿಂಟನ್ ಕೂಡ ಪ್ಯಾಂಟ್‌ಸೂಟನ್ನೇ ಸಮವಸ್ತ್ರ ಮಾಡಿಕೊಂಡರು. ಏನಾಯಿತು? ಆ ಪ್ಯಾಂಟ್‌ಸೂಟೇ ವರ್ಷಗಟ್ಟಲೆ ನಗೆಚಾಟಿಕೆಯ ವಸ್ತುವಾಯಿತು. 2016ರ ಪ್ರಚಾರದಲ್ಲಿ ಬರೀ ಕೂದಲು ಮತ್ತು ಮೇಕಪ್ಪಿಗೆ ಎಷ್ಟು ಸಮಯ ಹೋಯಿತು ಅಂತ ಅವರೇ ಆಮೇಲೆ ಲೆಕ್ಕ ಹಾಕಿ ಬರೆದಿದ್ದಾರೆ. ಸುಮಾರು 600 ಗಂಟೆ. ಅಂದರೆ 25 ದಿನ, ಹಗಲೂ ರಾತ್ರಿ ಸೇರಿಸಿ. ಚುನಾವಣೆ ಮಾಡಿದವರು ಈ ಸಭೆಯಲ್ಲಿ ಇದ್ದೀರಿ. 25 ದಿನದಲ್ಲಿ ಎಷ್ಟು ಊರು ಸುತ್ತಬಹುದು, ಎಷ್ಟು ಸಭೆ ಮಾಡಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾದರೆ ಮೇಕಪ್ ಬಿಟ್ಟುಬಿಡಲಿ ಅನ್ನುತ್ತೀರಾ? ಬಿಟ್ಟ ದಿನ 'ಸುಸ್ತಾಗಿದ್ದಾರೆ, ಕಾಯಿಲೆಯಂತೆ' ಅಂತ ಸುದ್ದಿ ಬರುತ್ತದೆ.

ಆಂಗೆಲಾ ಮರ್ಕೆಲ್ ಅವರಷ್ಟು ಶಿಸ್ತಿನಿಂದ ಈ ಪ್ರಯತ್ನ ಮಾಡಿದವರು ಇನ್ನೊಬ್ಬರಿಲ್ಲ. ಹದಿನಾರು ವರ್ಷ ಜರ್ಮನಿಯ ಚಾನ್ಸಲರ್. ಒಂದೇ ಮಾದರಿಯ ಕೋಟು, ಕೆಳಗೆ ಪ್ಯಾಂಟ್, ಬಣ್ಣ ಮಾತ್ರ ಬೇರೆ ಬೇರೆ. ಕೊನೆಗೆ ಆ ಬಣ್ಣಗಳ ಬಗ್ಗೆಯೂ ಬರೆದರು. 2008ರ ಏಪ್ರಿಲ್‌ನಲ್ಲಿ ಒಸ್ಲೋದ ಹೊಸ ಒಪೆರಾ ಭವನದ ಉದ್ಘಾಟನೆ. ಒಂದು ಸಂಜೆ, ಒಂದೇ ಒಂದು ಸಂಜೆ, ಕತ್ತು ಸ್ವಲ್ಪ ಇಳಿದ ಉಡುಪು ತೊಟ್ಟರು. ಯುರೋಪಿನ ಪತ್ರಿಕೆಗಳಿಗೆ ಅದೇ ಹಬ್ಬ. 2019ರ ಒಂದು ಸಂದರ್ಶನದಲ್ಲಿ ಅವರು ಹೇಳಿದ್ದು ನನಗೆ ಬಾಯಿಪಾಠ ಆಗಿಹೋಗಿದೆ: ಗಂಡಸು ನೂರು ದಿನ ಅದೇ ಕಡುನೀಲಿ ಸೂಟ್ ಹಾಕಿದರೂ ತೊಂದರೆಯಿಲ್ಲ, ನಾನು ಎರಡು ವಾರದಲ್ಲಿ ನಾಲ್ಕು ಸಲ ಅದೇ ಕೋಟು ಹಾಕಿದರೆ ಪತ್ರ ಬರುತ್ತವೆ. ಆಸ್ಟ್ರೇಲಿಯಾದ ಟೀವಿಯವರು ಮಾಡಿ ತೋರಿಸಿದ್ದನ್ನೇ ಜರ್ಮನಿಯ ಚಾನ್ಸಲರ್ ಹೇಳುತ್ತಿದ್ದಾರೆ ನೋಡಿ.

ಫ್ರಾನ್ಸಿನ ಸಂಸತ್ತಿಗೆ ಬನ್ನಿ. 1972. ಮಿಷೆಲ್ ಆಲಿಯೋ-ಮರಿ ಆಗಿನ್ನೂ ಒಬ್ಬ ಮಂತ್ರಿಯ ಸಲಹೆಗಾರ್ತಿ. ಪ್ಯಾಂಟ್ ಹಾಕಿದ್ದಾರೆ ಅಂತ ಬಾಗಿಲಲ್ಲಿ ತಡೆದರು. ಅವರು ಏನಂದರಂತೆ ಗೊತ್ತಾ? ಪ್ಯಾಂಟಿನಿಂದಲೇ ತೊಂದರೆ ಆಗುತ್ತಿದ್ದರೆ ಈಗಲೇ ಬಿಚ್ಚಿಬಿಡುತ್ತೇನೆ ಅಂದರು. ಬಾಗಿಲಿನವರು ತೆಪ್ಪಗೆ ದಾರಿ ಬಿಟ್ಟರು. (ನಗಬಹುದು, ನಗುವ ಮಾತೇ ಅದು.) ಅದೇ ಮಹಿಳೆ 2002ರಲ್ಲಿ ಫ್ರಾನ್ಸಿನ ರಕ್ಷಣಾ ಮಂತ್ರಿ ಆದರು. ಈಗ 2012ರ ಜುಲೈ, ಅದೇ ಸಂಸತ್ತು. ವಸತಿ ಮಂತ್ರಿ ಸೆಸಿಲ್ ದ್ಯೂಫ್ಲೋ ಪ್ರಶ್ನೋತ್ತರದಲ್ಲಿ ಉತ್ತರ ಕೊಡಲು ಎದ್ದರು. ನೀಲಿ ಬಿಳಿ ಹೂವಿನ ಸಾದಾ ಉಡುಪು. ಬಾಯಿ ತೆರೆಯುವ ಮೊದಲೇ ಗಂಡು ಸದಸ್ಯರಿಂದ ಕೂಗು, ಸಿಳ್ಳೆ. ಆಕೆ ಒಂದು ಕ್ಷಣ ತಡೆದು, 'ಮಹಿಳೆಯರೇ, ಮಹನೀಯರೇ, ಮುಖ್ಯವಾಗಿ ಮಹನೀಯರೇ' ಅಂತ ಶುರುಮಾಡಿ, ಗಲಾಟೆಯ ಮಧ್ಯೆಯೇ ಉತ್ತರ ಮುಗಿಸಿದರು. ಅದು ಸೌಂದರ್ಯಕ್ಕೆ ಮೆಚ್ಚುಗೆ ಅಂತ ಒಬ್ಬ ಸದಸ್ಯರು ಆಮೇಲೆ ಸಮರ್ಥಿಸಿಕೊಂಡರು. ಮಾತನ್ನು ಕೇಳದೇ ಇರಲಿ ಅಂತಲೇ ಆಕೆ ಆ ಉಡುಪು ತೊಟ್ಟಿರಬೇಕು ಅಂತ ಇನ್ನೊಬ್ಬರು ಹೇಳಿದರು.

ಪ್ಯಾಂಟ್ ಹಾಕಿದರೆ ಒಳಗೆ ಬಿಡುವುದಿಲ್ಲ. ಫ್ರಾಕ್ ಹಾಕಿದರೆ ಸಿಳ್ಳೆ. ಅದೂ ಒಂದೇ ಕಟ್ಟಡದಲ್ಲಿ! ಏನು ಹಾಕಬೇಕಿತ್ತು, ಹೇಳಿ. ಅದಕ್ಕೇ ಹೇಳಿದ್ದು, ಆ ಬಟ್ಟೆಯನ್ನು ಯಾವ ದರ್ಜಿಯೂ ಹೊಲಿದಿಲ್ಲ. ಸರಿಯಾಗಿ ಉಟ್ಟುಕೊಂಡು ಬಂದರೆ ಯಾರೂ ಏನೂ ಅನ್ನುವುದಿಲ್ಲ ಅಂತ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ಬಹಳ ಜನ. ಹಾಗೆ ಹೇಳಬೇಡಿ. ಸರಿಯಾದದ್ದು ಅಂತ ಒಂದು ಇದ್ದರೆ ತಾನೇ?

ಇಲ್ಲಿ ಒಂದು ಮಾತು. ಇದು ಗಂಡಸರು ಮಾತ್ರ ಮಾಡುವ ತಪ್ಪಲ್ಲ. ಜೂಲಿಯಾ ಗಿಲಾರ್ಡ್ ಆಸ್ಟ್ರೇಲಿಯಾದ ಪ್ರಧಾನಿ ಆಗಿದ್ದಾಗ, 2012ರ ಮಾರ್ಚ್‌ನಲ್ಲಿ, ಟೀವಿ ಚರ್ಚೆಯೊಂದರಲ್ಲಿ ಅವರ ಕೋಟುಗಳನ್ನೂ ಹಿಂಭಾಗದ ಗಾತ್ರವನ್ನೂ ಆಡಿಕೊಂಡವರು ಜರ್ಮೇನ್ ಗ್ರೀರ್. ಸ್ತ್ರೀವಾದದ ಅಷ್ಟು ದೊಡ್ಡ ಹೆಸರು. ಸಭಿಕರೂ ನಕ್ಕರು. ನನಗೆ ಆ ನಗುವೇ ಜಾಸ್ತಿ ಬೇಸರ ತಂದದ್ದು. ಹೆಣ್ಣೇ ಹೇಳಿದ ಮೇಲೆ ನಗಬಹುದು ಅಂತ ಎಲ್ಲರಿಗೂ ಪರವಾನಗಿ ಸಿಕ್ಕ ಹಾಗೆ.

ಇನ್ನು ಹೊಗಳಿಕೆ. ಚೆನ್ನಾಗಿದ್ದಾರೆ ಅಂದರೆ ತಪ್ಪೇನು ಅಂತ ಕೇಳುತ್ತಾರೆ. 2013ರ ಏಪ್ರಿಲ್‌ನಲ್ಲಿ ಒಬಾಮಾ ಒಂದು ಸಭೆಯಲ್ಲಿ ಕಮಲಾ ಹ್ಯಾರಿಸ್ ಅವರನ್ನು ಹೊಗಳಿದರು. ಹ್ಯಾರಿಸ್ ಆಗ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್. ಚುರುಕಿನ ಬುದ್ಧಿ, ಕೆಲಸದಲ್ಲಿ ನಿಷ್ಠೆ, ಗಟ್ಟಿಗಿತ್ತಿ ಅಂತೆಲ್ಲ ಹೇಳಿ, ಕೊನೆಗೆ ದೇಶದ ಅಟಾರ್ನಿ ಜನರಲ್‌ಗಳಲ್ಲೇ ನೋಡಲು ಚೆಂದ ಇವರೇ ಅಂದುಬಿಟ್ಟರು. ಮರುದಿನ ಪತ್ರಿಕೆಯಲ್ಲಿ ಉಳಿದದ್ದು ಯಾವ ಮಾತು? ಮೊದಲಿನ ಮೂರು ಹೋಯಿತು, ಕೊನೆಯದು ಉಳಿಯಿತು. ಒಬಾಮಾ ಫೋನ್ ಮಾಡಿ ಕ್ಷಮೆ ಕೇಳಿದರು ಅನ್ನುವುದನ್ನೂ ಹೇಳಬೇಕು. ಅದೇ ವರ್ಷ ಅಮೆರಿಕದಲ್ಲಿ ಮತದಾರರ ನಡುವೆ ಒಂದು ಸಮೀಕ್ಷೆ ನಡೆಯಿತು. ಮಹಿಳಾ ಅಭ್ಯರ್ಥಿಯ ರೂಪದ ಬಗ್ಗೆ ತೆಗಳಿ ಬರೆದರೂ, ಹೊಗಳಿ ಬರೆದರೂ, ಸುಮ್ನೆ ವರ್ಣಿಸಿದರೂ ಆಕೆಗೆ ನಷ್ಟವೇ ಅಂತ ಅದರಲ್ಲಿ ಕಂಡುಬಂತು. ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಡ್ಯಾನಿ ಹೇಯ್ಸ್, ಜೆನ್ನಿಫರ್ ಲಾಲೆಸ್ ಮೊದಲಾದ ಸಂಶೋಧಕರು ಅಮೆರಿಕದ ಕೆಳಸದನದ ಚುನಾವಣೆಗಳ ವರದಿಗಳನ್ನು ನೋಡಿ, ಅಲ್ಲಿ ಅಷ್ಟು ಭೇದ ಕಾಣಲಿಲ್ಲ, ರೂಪದ ಟೀಕೆಯಿಂದ ಗಂಡಿಗೂ ಹೆಣ್ಣಿಗೂ ಸಮನಾಗಿ ಪೆಟ್ಟು ಬೀಳುತ್ತದೆ ಅಂದಿದ್ದಾರೆ. ಒಳ್ಳೆಯ ಸುದ್ದಿಯೇ. ಆದರೆ ನಾನು ಹೇಳುತ್ತಿರುವುದು ಮೇಲಿನ ಮೆಟ್ಟಿಲುಗಳ ಮಾತು, ಪ್ರಧಾನಿ, ಮಂತ್ರಿ, ಪಕ್ಷದ ಮುಖ. ಅಲ್ಲಿಗೆ ಹತ್ತಿದಷ್ಟೂ ಕಣ್ಣುಗಳು ಜಾಸ್ತಿ.

ಗಂಡಸರ ಬಟ್ಟೆಯೂ ಸುದ್ದಿಯಾಗುತ್ತದಲ್ಲ ಅನ್ನುತ್ತೀರಿ. ಆಗುತ್ತದೆ. 2014ರ ಆಗಸ್ಟ್‌ನಲ್ಲಿ ಒಬಾಮಾ ಕಂದು ಬಣ್ಣದ ಸೂಟ್ ಹಾಕಿ ಸಿರಿಯಾದ ಬಗ್ಗೆ ಮಾತಾಡಿದರು, ಜನ ಸೂಟಿನ ಬಗ್ಗೆ ಮಾತಾಡಿದರು. ಇವತ್ತಿಗೂ ಅದು ನೆನಪಿರುವುದು ಅಂಥ ದಿನ ಅಪರೂಪ ಆದ್ದರಿಂದ. 2025ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಝೆಲೆನ್ಸ್ಕಿ ಅವರಿಗೆ ಸೂಟ್ ಯಾಕೆ ಹಾಕಿಲ್ಲ ಅಂತ ವರದಿಗಾರರೊಬ್ಬರು ಕೇಳಿದರು. 2015ರಲ್ಲಿ ಮೋದಿಯವರು ತಮ್ಮ ಹೆಸರು ನೇಯ್ದ ಸೂಟ್ ಹಾಕಿದ್ದಾಗ ದೇಶವೇ ಮಾತಾಡಿತು. ಆದರೆ ಆ ಪ್ರಶ್ನೆಗಳನ್ನು ಸರಿಯಾಗಿ ನೋಡಿ. ದುಡ್ಡು ಎಷ್ಟು, ಕೊಟ್ಟವರು ಯಾರು, ಇದು ಯಾರಿಗೆ ಅಗೌರವ, ಇದರಿಂದ ಏನು ಹೇಳಲು ಹೊರಟಿದ್ದಾರೆ? ಇವೆಲ್ಲ ರಾಜಕೀಯದ ಪ್ರಶ್ನೆಗಳು. ಹೆಣ್ಣಿಗೂ ಇವನ್ನು ಕೇಳಬೇಕು. ಜಯಲಲಿತಾ ಅವರ ಸೀರೆ, ಚಪ್ಪಲಿಗಳ ಲೆಕ್ಕ ನ್ಯಾಯಾಲಯಕ್ಕೆ ಹೋದದ್ದು ಅಕ್ರಮ ಆಸ್ತಿಯ ಪ್ರಕರಣದಲ್ಲಿ. ಅದು ಕೇಳಬೇಕಾದದ್ದೇ. ಆಕೆ ಎಷ್ಟು ದಪ್ಪ, ಎಷ್ಟು ಬೆಳ್ಳಗೆ ಅನ್ನುವುದು ಯಾವ ಲೆಕ್ಕದ ಪ್ರಶ್ನೆ?

ಆ ಪ್ರಶ್ನೆಯೇ ನಮ್ಮ ದೇಶದಲ್ಲಿ ಜಾಸ್ತಿ. 2018ರ ರಾಜಸ್ಥಾನ ಚುನಾವಣೆಯಲ್ಲಿ ಶರದ್ ಯಾದವ್ ಅವರಂಥ ಹಿರಿಯರು, ವಸುಂಧರಾ ರಾಜೆ ದಪ್ಪಗಾಗಿದ್ದಾರೆ, ಅವರಿಗೆ ವಿಶ್ರಾಂತಿ ಕೊಡಿ ಅಂದರು. ಐದು ವರ್ಷ ರಾಜ್ಯ ಆಳಿದ ಮುಖ್ಯಮಂತ್ರಿಯ ಬಗ್ಗೆ ಟೀಕಿಸಲು ಇಡೀ ಸರ್ಕಾರವೇ ಎದುರಿಗಿತ್ತು. ನೀರಿನ ಬಗ್ಗೆ ಕೇಳಬಹುದಿತ್ತು, ಕೆಲಸದ ಬಗ್ಗೆ ಕೇಳಬಹುದಿತ್ತು. ಕಣ್ಣಿಗೆ ಬಿದ್ದದ್ದು ತೂಕ. 2019ರಲ್ಲಿ ಬಂಗಾಳಿ ನಟಿಯರಾದ ಮಿಮಿ ಚಕ್ರವರ್ತಿ, ನುಸ್ರತ್ ಜಹಾನ್ ಸಂಸದರಾಗಿ ಗೆದ್ದು ಸಂಸತ್ತಿನ ಮುಂದೆ ಪ್ಯಾಂಟಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಇದೇನು ಶೂಟಿಂಗಾ ಅಂತ ಬೈಗುಳ. ಪ್ಯಾಂಟ್ ಶರ್ಟಿನಲ್ಲಿ ಬರುವ ಗಂಡು ಸಂಸದರನ್ನು ಯಾರಾದರೂ ಹಾಗೆ ಕೇಳಿದ್ದಾರಾ? 2025ರ ಜನವರಿಯಲ್ಲಿ ದೆಹಲಿಯ ಅಭ್ಯರ್ಥಿ ರಮೇಶ್ ಬಿಧೂಡಿ, ಪ್ರಿಯಾಂಕಾ ಗಾಂಧಿಯವರ ಕೆನ್ನೆಯಂಥ ರಸ್ತೆ ಮಾಡಿಸುತ್ತೇನೆ ಅಂದರು. ಆಮೇಲೆ ವಿಷಾದ ವ್ಯಕ್ತಪಡಿಸಿದರು, ಸರಿ. ಆದರೆ ಹೋಲಿಕೆಗೆ ಬೇಕಾದದ್ದು ಒಬ್ಬ ಸಂಸದೆಯ ಕೆನ್ನೆ, ಮಾತಾಡುತ್ತಿದ್ದದ್ದು ಡಾಂಬರಿನ ಬಗ್ಗೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಸರವಿಲ್ಲ, ಅದು ಅವರ ಕೆಲಸ. ಗಿಲಾರ್ಡ್ 2012ರ ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಸ್ತ್ರೀದ್ವೇಷದ ವಿರುದ್ಧ ಆ ಪ್ರಸಿದ್ಧ ಭಾಷಣ ಮಾಡುವಾಗ ವಿರೋಧ ಪಕ್ಷದ ನಾಯಕರು ಗಡಿಯಾರ ನೋಡಿದ್ದರು. ಆಕೆ ಅದನ್ನೂ ಬಿಡದೆ ಅಲ್ಲೇ ಎತ್ತಿ ಆಡಿದರು. ನಮ್ಮ ಅಧ್ಯಕ್ಷರನ್ನು ನಾನು ಹಾಗೆ ಮಾಡುವುದಿಲ್ಲ, ಬೇಗ ಬೇಗ ಹೇಳಿಬಿಡುತ್ತೇನೆ.

ನಿಯಮಗಳ ಬಗ್ಗೆ ಹೇಳಬೇಕಿತ್ತು. ಅಮೆರಿಕದ ಸೆನೆಟ್‌ನಲ್ಲಿ ಹೆಂಗಸರು ಪ್ಯಾಂಟ್ ಹಾಕುವಂತಾದದ್ದು 1993ರಲ್ಲಿ. ಕ್ಯಾರಲ್ ಮೋಸ್ಲಿ ಬ್ರೌನ್, ಬಾರ್ಬರಾ ಮಿಕುಲ್ಸ್ಕಿ ಸುಮ್ನೆ ಹಾಕಿಕೊಂಡು ಬಂದೇಬಿಟ್ಟರು, ಆಮೇಲೆ ನಿಯಮ ಬದಲಾಯಿತು. ವಯಸ್ಸಿನ ಬಗ್ಗೆ ಹೇಳಬೇಕಿತ್ತು, ನರೆತ ಕೂದಲು ಗಂಡಸಿಗೆ ಅನುಭವ, ಹೆಣ್ಣಿಗೆ ಮುಪ್ಪು. ಅದನ್ನು ಇನ್ನೊಮ್ಮೆ ನೋಡೋಣ.

ಒಂದನ್ನು ಮಾತ್ರ ಬಿಡಲಾರೆ. ಪತ್ರಿಕೆಯವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. 2017ರ ಮಾರ್ಚ್ 27ಕ್ಕೆ ಗ್ಲಾಸ್ಗೋದಲ್ಲಿ ಬ್ರಿಟನ್ನಿನ ಪ್ರಧಾನಿ ಥೆರೇಸಾ ಮೇ ಮತ್ತು ಸ್ಕಾಟ್ಲೆಂಡಿನ ನಾಯಕಿ ನಿಕೋಲಾ ಸ್ಟರ್ಜನ್ ಭೇಟಿಯಾದರು. ಬ್ರಿಟನ್ ಯುರೋಪ್ ಒಕ್ಕೂಟಕ್ಕೆ ವಿದಾಯ ಪತ್ರ ಕೊಡಲು ಎರಡೇ ದಿನ ಬಾಕಿ. ಸ್ಕಾಟ್ಲೆಂಡ್ ಬ್ರಿಟನ್ನಿನಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವ ಜಗಳ ಬೇರೆ. ಮರುದಿನ ಡೈಲಿ ಮೇಲ್‌ನ ಮುಖಪುಟದಲ್ಲಿ ಇಬ್ಬರು ಕೂತ ದೊಡ್ಡ ಫೋಟೋ. ಬ್ರೆಕ್ಸಿಟ್ ಹಾಗಿರಲಿ, ಯಾರ ಕಾಲು ಚೆಂದ ಅನ್ನುವ ಅರ್ಥದ ಶೀರ್ಷಿಕೆ. ಆ ಫೋಟೋ ಆರಿಸಿದವರು, ಶೀರ್ಷಿಕೆ ಬರೆದವರು, ಪುಟ ಕಟ್ಟಿದವರು, ಅಚ್ಚಿಗೆ ಒಪ್ಪಿಗೆ ಕೊಟ್ಟವರು, ಇಷ್ಟು ಜನರ ಮೇಜಿನ ಮೇಲೆ ಅದು ಹಾದುಹೋಗಿದೆ. ಅಷ್ಟರಲ್ಲಿ ಒಬ್ಬರಾದರೂ ಬೇಡ ಅಂದಿದ್ದರೆ ಆ ಪುಟ ಹಾಗೆ ಬರುತ್ತಿರಲಿಲ್ಲ. ಹಾಗೆ ಬೇಡ ಅನ್ನುವವರು ನೀವಾಗಬೇಕು ಅಂತ ಕೈಮುಗಿದು ಕೇಳುತ್ತೇನೆ.

ಎರಡು ಪ್ರಶ್ನೆಗೆ ಸಮಯ ಇದೆ ಅಂತ ಸನ್ನೆ ಮಾಡುತ್ತಿದ್ದಾರೆ. ಹಿಂದಿನ ಸಾಲಿನಿಂದ ಶುರುಮಾಡೋಣ, ಮೈಕ್ ಅಲ್ಲಿಗೆ ಕೊಡಿ.